ಎಂಜಿನ್ ಮತ್ತು ಒಡಲು: ಬ್ರೆಮೆನ್‌ನಿಂದ ವರವು ಕಾವಲಿನವರೆಗೆ

ಚಳ್ಳಕೆರೆಯ ಬಯಲಿನಲ್ಲಿ ಇಂದು ಚಾಲಕನಿಲ್ಲದ ವಿಮಾನಗಳು ಹಾರಾಡುವುದನ್ನು ಕಾಣುವವರಿಗೆ, ಕರ್ನಾಟಕದ ವಿಮಾನವಿನ್ಯಾಸವಿದ್ಯೆಯ ಒಂದು ಬೇರು ಯುದ್ಧಕಾಲದ ಜರ್ಮನಿಯ ಬ್ರೆಮೆನ್ ನಗರದವರೆಗೆ ಚಾಚಿಕೊಂಡಿದೆಯೆಂದರೆ ಆಶ್ಚರ್ಯವಾದೀತು. ಆ ನಗರದ ಫೋಕೆ-ವುಲ್ಫ್ ಕಾರ್ಖಾನೆಯಲ್ಲಿ ಕುರ್ಟ್ ಟ್ಯಾಂಕ್ ಎಂಬ ಶಿಲ್ಪಿ ರೂಪಿಸಿದ ಎಫ್‌ಡಬ್ಲ್ಯು 190 ಕಾಳಗದ ವಿಮಾನವು 1939ರ ಜೂನ್ 1ರಂದು ಮೊದಲ ಬಾರಿಗೆ ಹಾರಿದಾಗ, ಅದರ ಬಿಎಂಡಬ್ಲ್ಯು 139 ಎಂಜಿನ್ ಚಾಲಕ ಹಾನ್ಸ್ ಸಾಂಡರನ ಕಾಲುಗಳು ಬೇಯುವಷ್ಟು ಕಾವನ್ನುಗುಳಿತು. ಅದನ್ನು ತೆಗೆದು, ಅದಕ್ಕಿಂತ ಭಾರವೂ ಪ್ರಬಲವೂ ಆದ ಹದಿನಾಲ್ಕು ಸಿಲಿಂಡರಿನ ಬಿಎಂಡಬ್ಲ್ಯು 801ನ್ನು ಕೂಡಿಸಿದೊಡನೆ ತೂಕದ ಸಮತೋಲವು ಕೆಟ್ಟುದರಿಂದ, ಚಾಲಕನ ಆಸನವನ್ನು ಹಿಂದಕ್ಕೆ ಸರಿಸಿ, ರೆಕ್ಕೆಗಳ ವಿಸ್ತಾರವನ್ನು 18.3 ಚದರ ಮೀಟರಿಗೆ ಹಿಗ್ಗಿಸಬೇಕಾಯಿತು. ಆ ಎಂಜಿನ್ನಾದರೋ ಎತ್ತರದಲ್ಲಿ ಸೊರಗುತ್ತಿತ್ತು. ಆದಕಾರಣ 1944ರಲ್ಲಿ ನೀಳವಾದ ಯುಮೋ 213 ಎಂಜಿನ್ ಬಂದಿತು, ಮೂಗು ಉದ್ದವಾಯಿತು, ಅದಕ್ಕೆ ಸರಿದೂಗುವಂತೆ ಬಾಲದ ಭಾಗಕ್ಕೆ ಅರ್ಧ ಮೀಟರಿನ ತುಂಡೊಂದನ್ನು ಸೇರಿಸಲಾಯಿತು. ಹಾಸು ಬದಲಾದರೆ ಸೀರೆಯೇ ಬೇರೆಯಾಗುವುದೆಂದು ಮೊಳಕಾಲ್ಮೂರಿನ ನೇಕಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಮಾನದಲ್ಲಿ ಎಂಜಿನ್ನಿನದೂ ಅಂಥದೇ ಅಧಿಕಾರ.

ಯುದ್ಧಾನಂತರ ಅರ್ಜೆಂಟೀನಾದಲ್ಲಿ ಪುಲ್ಕಿ-2 ಜೆಟ್ ವಿಮಾನವನ್ನು ರಚಿಸಿದ ಟ್ಯಾಂಕ್, ಅಲ್ಲಿ ಅಧ್ಯಕ್ಷ ಪೆರೋನನ ಆಳ್ವಿಕೆ ಉರುಳಿದ ಬಳಿಕ, 1956ರಲ್ಲಿ ತನ್ನ ಸಂಗಡಿಗರೊಡನೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ಬಂದನು. ಅವನೂ ಅಲ್ಲಿನ ವಿನ್ಯಾಸಕ ಡಾ. ವಿ. ಎಂ. ಘಾಟಗೆಯವರೂ ತರುಣ ಭಾರತೀಯ ಎಂಜಿನಿಯರುಗಳೂ ಕೂಡಿ ದುಡಿದು, 1959ರಲ್ಲಿ ಹೊಸ ಜೆಟ್ ಕಾಳಗದ ವಿಮಾನದ ಪೂರ್ಣಪ್ರಮಾಣದ, ಎಂಜಿನ್ನಿಲ್ಲದ ಮರದ ಮಾದರಿಯೊಂದನ್ನು ಇನ್ನೊಂದು ವಿಮಾನಕ್ಕೆ ಕಟ್ಟಿ ಮೇಲಕ್ಕೊಯ್ದು ತೇಲಿಬಿಟ್ಟು ಒಡಲಿನ ಗುಣದೋಷಗಳನ್ನು ಅಳೆದರು. 1961ರ ಜೂನ್ 17ರಂದು ಪರೀಕ್ಷಾ ಚಾಲಕ ಸುರಂಜನ್ ದಾಸ್ ಆ ಎಚ್‌ಎಫ್-24 'ಮರುತ್' ವಿಮಾನವನ್ನು ಹಾರಿಸಿದರು. ಶಬ್ದದ ಎರಡರಷ್ಟು ವೇಗಕ್ಕೆಂದು ಬಗೆದ ಆ ಸುಂದರ ಒಡಲಿಗೆ ತಕ್ಕ ಎಂಜಿನ್ ಮಾತ್ರ ದೊರೆಯಲಿಲ್ಲ. ಬ್ರಿಟನ್ನಿನಲ್ಲಿ ಆಗಬೇಕಿದ್ದ ಪ್ರಬಲತರ ಆರ್ಫಿಯಸ್ ಎಂಜಿನ್ನಿನ ಅಭಿವೃದ್ಧಿಗೆ ನಮ್ಮ ಸರ್ಕಾರವು ಹಣ ಕೊಡಲೊಪ್ಪದೆ, ಮರುತ್ ಶಬ್ದವೇಗದ ಹೊಸ್ತಿಲಲ್ಲಿಯೇ ಉಳಿಯಿತು. ಮಿತವ್ಯಯವು ಇಷ್ಟು ದುಬಾರಿಯಾದ ನಿದರ್ಶನ ಅಪರೂಪವೆಂದೇ ನನ್ನ ಎಣಿಕೆ. ಎಂಜಿನ್ನಿಗೆ ಹೆಚ್ಚಿನ ನೂಕುಬಲಕ್ಕಾಗಿ ಮರುದಹನವನ್ನು ಜೋಡಿಸಿದ ಪ್ರಯೋಗದ ಮಾದರಿಯು 1970ರ ಜನವರಿಯಲ್ಲಿ ಬಿದ್ದು ದಾಸರು ಮಡಿದರು. ಒಟ್ಟು 147 ಮರುತ್‌ಗಳು ತಯಾರಾದವು. 1971ರಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಅವು ಚೆನ್ನಾಗಿಯೇ ಕಾದಿದವು.

ಇಂದು ಆ ವಿದ್ಯೆಯ ಪರೀಕ್ಷೆಗಳು ನಡೆಯುವುದು ಚಳ್ಳಕೆರೆ ಬಯಲಿನ ವರವು ಕಾವಲಿನಲ್ಲಿ. ಹೈದರ್, ಟಿಪ್ಪುಗಳ ಫಿರಂಗಿಯೆಳೆದ ಅಮೃತಮಹಲ್ ತಳಿಯ ದನಗಳ ಮೇವಿಗೆ ಮೀಸಲಾಗಿದ್ದ ಕಾವಲುಗಳಲ್ಲಿ ಅದೂ ಒಂದು. ಆ ನೆಲಕ್ಕೆ ಸೇನೆಯ ನಂಟು ಹೊಸದಲ್ಲವಾದರೂ, ಮೇವಿನ ಬಯಲು ಬೇಲಿಯೊಳಗಾದುದು ಸುತ್ತಲಿನ ಕುರಿಗಾಹಿಗಳಿಗೂ ಕಂಬಳಿ ನೇಯುವವರಿಗೂ ಸಣ್ಣ ನಷ್ಟವಲ್ಲ. 2017ರ ಮೇ 28ರಂದು ಉದ್ಘಾಟನೆಗೊಂಡ ಇಲ್ಲಿನ ವಿಮಾನ ಪರೀಕ್ಷಾ ವಲಯದಲ್ಲಿ, ಅದಕ್ಕೆ ಮೊದಲೇ, 2016ರ ನವೆಂಬರಿನಲ್ಲಿ ಚಾಲಕನಿಲ್ಲದ ರುಸ್ತುಂ-2 ವಿಮಾನವು ಹಾರಿತ್ತು. 2019ರಲ್ಲಿ ಅದೇ ಬಗೆಯದೊಂದು ಜೋಡಿಚಿಕ್ಕೇನಹಳ್ಳಿಯ ತೋಟಕ್ಕೆ ಬಿದ್ದು ಊರಿಗೆ ಊರೇ ನೆರೆಯಿತು. 2022ರ ಜುಲೈ 1ರಂದು ಬಾಲವಿಲ್ಲದ, ಬರಿಯ ರೆಕ್ಕೆಯಂತಿರುವ ಕಿರುವಿಮಾನವೊಂದು ತಾನೇ ಏರಿ ತಾನೇ ಇಳಿಯಿತು. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಾಗ, ಅದು ಎಂಜಿನ್ನಿನ ಹಂಗಿಲ್ಲದೆ ತೇಲಿಬಂದು ಓಡುದಾರಿಯನ್ನು ಮುಟ್ಟಿತು.

ಒಡಲು, ರೆಕ್ಕೆ, ಗಣಕದ ನಿಯಂತ್ರಣ, ಇವು ಮೂರೂ ನಮ್ಮ ಕೈಗೆ ಹತ್ತಿವೆ; ಎಂಜಿನ್ ಮಾತ್ರ ಇನ್ನೂ ಹತ್ತಿಲ್ಲ. ಬೆಂಗಳೂರಿನಲ್ಲಿ 1980ರ ದಶಕದ ಕೊನೆಗೆ ಆರಂಭವಾದ ಕಾವೇರಿ ಎಂಜಿನ್ನು ತೇಜಸ್ ಕಾಳಗದ ವಿಮಾನಕ್ಕೆ ಒದಗದೆ ಹೋಗಿ, ತೇಜಸ್ ಇಂದಿಗೂ ಅಮೆರಿಕದ ಎಂಜಿನ್ನಿನಿಂದಲೇ ಹಾರುತ್ತಿದೆ. ಮರುದಹನವಿಲ್ಲದ ಕಾವೇರಿಯನ್ನು ಆ ಬಾಲವಿಲ್ಲದ ವಿಮಾನದ ಹಿರಿಯ ರೂಪಕ್ಕೆ ಅಳವಡಿಸುವುದು ಈಗಿನ ಯೋಜನೆ.