ಪತ್ತು ಎಂಬ ಆಸ್ತಿ

ಕೃಷ್ಣೆಯ ದಂಡೆಯ ಉಗಾರ ಬುದ್ರುಕದ ಸೀಮೆಯಲ್ಲಿ ತಿರುಗಾಡಿದವರಿಗೆ ‘ಪತ್ತಿನ ಸಹಕಾರಿ ಸಂಘ’ ಎಂಬ ಫಲಕ ಹೊಸದಲ್ಲ. ಪತ್ತು ಎಂದರೆ ಬರಿಯ ಸಾಲವೆಂದು ತಿಳಿದವರೇ ಹೆಚ್ಚು. ಆದರೆ ನೆರೆಯ ಮರಾಠಿಯಲ್ಲಿ ‘ಪತ್’ ಎಂಬುದಕ್ಕೆ ಸಾಲ ಹುಟ್ಟಿಸುವ ಯೋಗ್ಯತೆ ಎಂದೂ ಮಾನವೆಂದೂ ಎರಡರ್ಥ. ಎರಡಕ್ಕೂ ಒಂದೇ ಮಾತು ಸಾಕಾದದ್ದು ಸುಮ್ಮನೆ ಅಲ್ಲವೆಂದು ನನಗೆ ತೋರುತ್ತದೆ.

ಸಾಹುಕಾರನ ಕಾಲದಲ್ಲಿ ಪತ್ತು ಇದ್ದದ್ದು ಅವನ ಕೀರ್ದಿಯಲ್ಲಿ. ಓದಲು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ದಂಗೆ ಹಬ್ಬಿದಲ್ಲೆಲ್ಲ ಸಾಲಪತ್ರಗಳು ಬೂದಿಯಾದವು. ಕಾಗದ ಸುಟ್ಟಿತೇ ಹೊರತು ಪತ್ತು ಹುಟ್ಟಲಿಲ್ಲ. 1879ರಲ್ಲಿ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆಂದು ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂತು. ಸಾಹುಕಾರನು ಪಾವತಿ ಕೊಡಬೇಕು, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ ಬರೆದುಕೊಡಬೇಕು ಎಂದು ಅದು ವಿಧಿಸಿತು. ಸಾಲಗಾರನಿಗೆ ತನ್ನ ಲೆಕ್ಕ ತಾನು ನೋಡುವ ಹಕ್ಕು ಆಗ ಸಿಕ್ಕಿತು.

1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದರು. ಅಂದಿನ ಹಳ್ಳಿಯ ಸಂಘಗಳಲ್ಲಿ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ಮುಳುಗಿಸಿದರೆ ಉಳಿದವರ ಮನೆಗೂ ಬಿಸಿ. ಆದ್ದರಿಂದ ಯಾರು ಎಂಥವರೆಂದು ನೆರೆಯವರೇ ತೂಗಿ ನೋಡುತ್ತಿದ್ದರು. ಕ್ರಮ ಒಳ್ಳೆಯದೇ, ಆದರೆ ಹರಹು ಕಿರಿದು. 1954ರಲ್ಲಿ ಗೋರವಾಲಾ ಸಮಿತಿ ಲೆಕ್ಕ ಕೊಟ್ಟಾಗ ರೈತರ ಸಾಲದಲ್ಲಿ ಸಹಕಾರಿಗಳ ಪಾಲು ನೂರಕ್ಕೆ 3.1 ಮಾತ್ರ.

ಈಗಿನ ಕೀರ್ದಿ ಊರಲ್ಲಿಲ್ಲ. 2000ದಲ್ಲಿ ಸ್ಥಾಪನೆಯಾದ ಸಿಬಿಲ್‌ನಂಥ ಕಂಪನಿಗಳು 300ರಿಂದ 900ರ ವರೆಗಿನ ಅಂಕದಲ್ಲಿ ನಮ್ಮ ಪತ್ತು ಅಳೆಯುತ್ತವೆ. 2005ರ ಕಾನೂನಿನ ಪ್ರಕಾರ ಅವಕ್ಕೆ ವಿವರ ಒಪ್ಪಿಸುವವರು ಬ್ಯಾಂಕು, ಸಹಕಾರಿ ಬ್ಯಾಂಕು, ಕಾರ್ಡು ಕಂಪನಿ ಮೊದಲಾದವರು. ಬ್ಯಾಂಕಲ್ಲದ ಊರ ಪತ್ತಿನ ಸಂಘಕ್ಕೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಉಗಾರದ ಕಡೆಯ ತರುಣನೊಬ್ಬ ಪುಣೆಗೆ ನೌಕರಿಗೆ ಹೋದನೆನ್ನಿ. ತಂದೆ ಇಪ್ಪತ್ತು ವರ್ಷ ಕಬ್ಬಿನ ಬಿಲ್ಲಿನಿಂದ ಸಂಘದ ಸಾಲ ತಪ್ಪದೆ ತೀರಿಸಿರಬಹುದು. ಮಗ ಮನೆಸಾಲ ಕೇಳಿದರೆ ಬ್ಯಾಂಕಿನ ಕಣ್ಣಿಗೆ ಅವನು ಗೊತ್ತು ಗುರಿಯಿಲ್ಲದವ. ಹಿಂದೆ ಕಂತು ತಪ್ಪಿಸಿ ಪತ್ತು ಕೆಡಿಸಿಕೊಂಡವನ ಪಾಡು ಇನ್ನೂ ಬಿಗಿ.

ಇಂಥವರಿಗೆ ಉಳಿದ ದಾರಿಗಳಲ್ಲಿ ಠೇವಣಿಯ ಮೇಲೆ ಕೊಡುವ ಕ್ರೆಡಿಟ್ ಕಾರ್ಡು ನನಗೆ ಮೆಚ್ಚಿಗೆ. ತನಗೆ ತಾನೇ ಜಾಮೀನು ನಿಂತಂತೆ! ನೆರೆಯವನ ಕೈಕಾಲು ಹಿಡಿಯಬೇಕಿಲ್ಲ. ಆರಿಸುವಾಗ ವಿಮಾನ ನಿಲ್ದಾಣದ ಪುಕ್ಕಟೆ ಫಳಾರಕ್ಕೆ ಮರುಳಾಗದೆ ಮೂರು ಮಾತು ಕೇಳಬೇಕು: ವರ್ಷದ ಶುಲ್ಕವೆಷ್ಟು, ಬಾಕಿಗೆ ಬಡ್ಡಿಯೆಷ್ಟು, ಪಾವತಿಯ ವಿವರ ಸಿಬಿಲ್ ಮೊದಲಾದೆಡೆಗೆ ಹೋಗುವದೋ ಇಲ್ಲವೋ. ಮೂರನೆಯದು ಇಲ್ಲವಾದರೆ ಕಾರ್ಡು ಇದ್ದೂ ವ್ಯರ್ಥ. ಮಿತಿಯ ಅಂಚಿಗೆ ಹೋಗದೆ ತುಸುವೇ ಬಳಸಿ, ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟಬೇಕು. ‘ಕನಿಷ್ಠ ಮೊತ್ತ’ ಕಟ್ಟಿ ಕೈತೊಳೆದುಕೊಂಡವನಿಗೆ ಉಳಿದ ಬಾಕಿಯ ಮೇಲೆ ಎಷ್ಟೋ ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗೂ ಮಿಕ್ಕಿದ ಬಡ್ಡಿ ಬೀಳುವದು. ಹಳೆಯ ಸಾಹುಕಾರನೂ ಹುಬ್ಬೇರಿಸುವ ದರವಿದು.

ಹಳೆಯ ಬಾಕಿಯುಳ್ಳವರು ಮೊದಲು ಅದನ್ನು ಪೂರ್ತಿ ತೀರಿಸುವದು ಮೇಲು. ಅರ್ಧಕ್ಕೆ ರಾಜಿಯಾದರೆ ‘ಸೆಟಲ್ಡ್’ ಎಂಬ ಗುರುತು ದಾಖಲೆಯಲ್ಲಿ ಕೂತು ಮುಂದಿನ ಸಾಲಕ್ಕೆ ತೊಡಕಾಗುವದು.

1879ರ ಕಾಯಿದೆ ಕೊಡಿಸಿದ ವಾರ್ಷಿಕ ಲೆಕ್ಕದ ಪಟ್ಟಿಯಂತೆ, 2017ರಿಂದ ಪ್ರತಿಯೊಂದು ಪತ್ತಿನ ಮಾಹಿತಿ ಕಂಪನಿಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕಾಗಿದೆ. ಅದರಲ್ಲಿ ತಪ್ಪು ಕಂಡು ದೂರು ಕೊಟ್ಟು, 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ಅಲ್ಲಿಂದ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಜರ್ವ್ ಬ್ಯಾಂಕು 2023ರಲ್ಲಿ ಆಜ್ಞೆ ಮಾಡಿದೆ.