ಷರತ್ತುಬದ್ಧ ಆದೇಶ ಸರಣಿ (ಯುನಿಕ್ಸ್ ಶೆಲ್)

ಬಳಕೆದಾರರು ಕೊಡುವ ಆದೇಶಗಳನ್ನು ಓದಿ ನಡೆಸುವ ಶೆಲ್ ಎಂಬ ಪ್ರೋಗ್ರಾಮು, ಹಿಂದಿನ ಆದೇಶದ ಫಲಿತಾಂಶವನ್ನು ನೋಡಿಕೊಂಡು ಮುಂದಿನದನ್ನು ನಡೆಸುವ ಅಥವಾ ಕೈಬಿಡುವ ಕ್ರಮ. ಎರಡು ಆದೇಶಗಳ ನಡುವೆ && ಇದ್ದರೆ ಮೊದಲನೆಯದು ಯಶಸ್ವಿಯಾದಾಗ ಮಾತ್ರ, || ಇದ್ದರೆ ಅದು ವಿಫಲವಾದಾಗ ಮಾತ್ರ ಎರಡನೆಯದು ನಡೆಯುತ್ತದೆ; ಅರ್ಧವಿರಾಮ ಚಿಹ್ನೆಯಿದ್ದರೆ ಫಲಿತಾಂಶ ಏನಾದರೂ ನಡೆಯುತ್ತದೆ.

ನಿರ್ಗಮನ ಸ್ಥಿತಿ

ಪ್ರತಿಯೊಂದು ಆದೇಶವೂ ಮುಗಿಯುವಾಗ ಒಂದು ಸಂಖ್ಯೆಯನ್ನು ಶೆಲ್‌ಗೆ ಒಪ್ಪಿಸುತ್ತದೆ. ಶೆಲ್‌ಗೆ ಅದು ಸಾಮಾನ್ಯವಾಗಿ 0ಯಿಂದ 255ರೊಳಗಿನ ಬೆಲೆಯಾಗಿ ಕಾಣುತ್ತದೆ. ಇದೇ ನಿರ್ಗಮನ ಸ್ಥಿತಿ. 0 ಎಂದರೆ ಯಶಸ್ಸು, ಉಳಿದುದೆಲ್ಲ ವೈಫಲ್ಯ. ಆದೇಶ ಸಿಗದಿದ್ದರೆ 127, ಸಿಕ್ಕರೂ ನಡೆಸಲಾಗದಿದ್ದರೆ 126. ಆದರೆ ವೈಫಲ್ಯವೆಂದರೆ ಯಾವಾಗಲೂ ದೋಷವೆಂದಲ್ಲ. ಪಠ್ಯ ಹುಡುಕುವ ಗ್ರೆಪ್ ಆದೇಶ, ಪದ ಸಿಗದಿದ್ದಾಗ 1ನ್ನೂ ಕಡತವನ್ನೇ ಓದಲಾಗದಿದ್ದಾಗ ಅದಕ್ಕಿಂತ ದೊಡ್ಡ ಸಂಖ್ಯೆಯನ್ನೂ ಕೊಡುತ್ತದೆ; && ಮತ್ತು || ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಇತಿಹಾಸ

ಕೆನ್ ಥಾಂಪ್ಸನ್ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ಆರಂಭದ ಶೆಲ್‌ಗೆ ಷರತ್ತನ್ನು ಪರೀಕ್ಷಿಸುವ ಶಕ್ತಿ ಸ್ವತಃ ಇರಲಿಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಷರತ್ತನ್ನು ಪರೀಕ್ಷಿಸುವ 'ಇಫ್' ಮತ್ತು ಬೇರೆ ಸಾಲಿಗೆ ಜಿಗಿಸುವ 'ಗೋಟೂ' ಎರಡೂ ಶೆಲ್‌ನ ಹೊರಗಿನ ಬೇರೆ ಪ್ರೋಗ್ರಾಮುಗಳಾಗಿದ್ದವು. ಗೋಟೂ ಕೆಲಸ ಮಾಡುತ್ತಿದ್ದ ಬಗೆ ವಿಶೇಷ ಗಮನಕ್ಕೆ ಅರ್ಹವಾದದ್ದು. ಶೆಲ್ ತನ್ನ ಆದೇಶಗಳ ಕಡತವನ್ನು ಎಲ್ಲಿಯವರೆಗೆ ಓದಿದೆ ಎಂಬ ಗುರುತನ್ನು ಅದು ಹುಟ್ಟುಹಾಕಿದ ಪ್ರೋಗ್ರಾಮುಗಳೂ ಹಂಚಿಕೊಳ್ಳುತ್ತಿದ್ದುದರಿಂದ, ಗೋಟೂ ಆ ಕಡತದ ಮೊದಲಿಗೆ ಹೋಗಿ, ಬೇಕಾದ ಹೆಸರಿನ ಸಾಲನ್ನು ಹುಡುಕಿ, ಗುರುತನ್ನು ಅಲ್ಲಿಗೆ ಸರಿಸಿ ಮುಗಿಯುತ್ತಿತ್ತು. ಶೆಲ್ ಏನನ್ನೂ ಅರಿಯದೆ ಅಲ್ಲಿಂದ ಮುಂದೆ ಓದುತ್ತಿತ್ತು. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನೊಂದಿಗೆ ಬಂದ ಸ್ಟೀಫನ್ ಬೋರ್ನ್‌ರ ಶೆಲ್, ಆಲ್ಗಾಲ್ 68 ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಭಾವದಲ್ಲಿ ರೂಪುಗೊಂಡ ಷರತ್ತು ವಾಕ್ಯಗಳನ್ನೂ && ಮತ್ತು || ಚಿಹ್ನೆಗಳನ್ನೂ ತನ್ನೊಳಗೇ ಅಳವಡಿಸಿಕೊಂಡಿತು. ಅದೇ ಆವೃತ್ತಿಯಲ್ಲಿ ಸದಾ ಯಶಸ್ಸನ್ನು ಸೂಚಿಸುವ 'ಟ್ರೂ' ಆದೇಶ ಒಂದು ಖಾಲಿ ಕಡತವಾಗಿತ್ತು: ಮಾಡಲು ಏನೂ ಇಲ್ಲದಿರುವುದೂ ಶೆಲ್‌ನ ಲೆಕ್ಕದಲ್ಲಿ ಯಶಸ್ಸೇ.

ಬಳಕೆ ಮತ್ತು ಅಪಾಯ

ಡೈರೆಕ್ಟರಿ ಬದಲಿಸುವ 'ಸಿಡಿ' ಆದೇಶದ ಮುಂದೆ ಅರ್ಧವಿರಾಮ ಹಾಕಿ, ಎಲ್ಲ ಕಡತಗಳನ್ನು ಅಳಿಸುವ ಆದೇಶ ಬರೆದರೆ, ಆ ಡೈರೆಕ್ಟರಿ ಇಲ್ಲದಿದ್ದಾಗ ಬಳಕೆದಾರರು ನಿಂತ ಜಾಗದ ಕಡತಗಳೇ ಅಳಿದುಹೋಗುತ್ತವೆ; && ಬಳಸಿದರೆ ಸರಣಿ ಅಲ್ಲಿಗೇ ನಿಲ್ಲುತ್ತದೆ. ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ &&ಗೆ ||ಗಿಂತ ಆದ್ಯತೆ ಹೆಚ್ಚು, ಶೆಲ್‌ನಲ್ಲಿ ಎರಡಕ್ಕೂ ಸಮ. ಇನ್ನು 'ಅ && ಆ || ಇ' ಎಂಬುದನ್ನು 'ಇಲ್ಲವಾದರೆ' ವಾಕ್ಯಕ್ಕೆ ಬದಲಾಗಿ ಬಳಸುವುದು ಸಾಮಾನ್ಯವಾದರೂ ಅದು ಸಮಾನವಲ್ಲ: ಅ ಗೆದ್ದು ಆ ಸೋತರೂ ಇ ನಡೆಯುತ್ತದೆ. ಒಂದು ಆದೇಶದ ಔಟ್‌ಪುಟನ್ನು ಮುಂದಿನದಕ್ಕೆ ಇನ್‌ಪುಟ್ ಆಗಿ ಒದಗಿಸುವ ಪೈಪ್‌ನಿಂದ ಜೋಡಿಸಿದ ಆದೇಶಗಳಲ್ಲಿ ಸಾಮಾನ್ಯವಾಗಿ ಕೊನೆಯದರ ಸ್ಥಿತಿ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇತರ ಶೆಲ್‌ಗಳು

ಫಿಶ್ ಶೆಲ್ 2018ರಲ್ಲಿ, ಪವರ್‌ಶೆಲ್ 2020ರ ಏಳನೆಯ ಆವೃತ್ತಿಯಲ್ಲಿ ಈ ಚಿಹ್ನೆಗಳನ್ನು ಸ್ವೀಕರಿಸಿದವು.