ಅಳಿಸಿದರೂ ಉಳಿದ ಹೆಸರುಗಳು

ಭಟ್ಕಳದಿಂದ ಕುಮಟೆಯವರೆಗಿನ ನಮ್ಮ ಕರಾವಳಿಯಲ್ಲಿ ಕಾಗದದ ದಾಖಲೆಗಳಿಗೆ ಮಳೆಗಾಲದ ತೇವವೂ ಒರಲೆಯೂ ಹಳೆಯ ಶತ್ರುಗಳು. ಆ ಭಯದಿಂದಲೇ ಹೊನ್ನಾವರ ತಾಲೂಕಿನ ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು 2003ರಲ್ಲಿ ಗಣಕಯಂತ್ರಕ್ಕೆ ಏರಿಸಿದೆವು. ತಂತ್ರಾಂಶ ಫಾಕ್ಸ್‌ಪ್ರೊ, ಅಕ್ಷರ ನುಡಿ.

ಫಾಕ್ಸ್‌ಪ್ರೊದ ಮೂಲ 1980ರ ದಶಕದ ಡಿಬೇಸ್. ಮೈಕ್ರೋಸಾಫ್ಟ್ ಅದನ್ನು 1992ರಲ್ಲಿ ಕೊಂಡಿತು. ಕೊನೆಯ ಆವೃತ್ತಿ ಬಂದದ್ದು 2004ರಲ್ಲಿ. 2015ರ ಜನವರಿಯಲ್ಲಿ ಬೆಂಬಲವೂ ನಿಂತು ನಮ್ಮ ಕಡತ ಅನಾಥವಾಯಿತು. ಅಷ್ಟರಲ್ಲಿ ಪುಸ್ತಕವನ್ನು ಒರಲೆ ತಿಂದಿತ್ತು.

ಅದೃಷ್ಟಕ್ಕೆ ಡಿಬಿಎಫ್ ಕಡತದ ರಚನೆ ಗುಟ್ಟಿನದಲ್ಲ. ಮೊದಲಿಗೆ ಅಂಕಣಗಳ ಹೆಸರು ಮತ್ತು ಅಳತೆ, ಬಳಿಕ ಸಮಾನ ಉದ್ದದ ಸಾಲುಗಳು. ಉಚಿತವಾದ ಲಿಬ್ರೆಆಫೀಸ್ ಕೂಡ ಅದನ್ನು ತೆರೆಯುತ್ತದೆ. ಹಳೆಯ ವಿದ್ಯಾರ್ಥಿಯೊಬ್ಬ ತೆರೆದಾಗ ಕಂಡದ್ದು ಮಾತ್ರ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು. ಅಂದಿನ ನುಡಿ ಅಕ್ಷರಗಳು ಆ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಯುನಿಕೋಡಿಗೆ ಪರಿವರ್ತಿಸಿದ ಮೇಲೆ ಹೆಸರುಗಳು ಓದಬಂದವು.

ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಕಲಕಿತು. ಈ ಬಗೆಯ ಕಡತದಲ್ಲಿ ಅಳಿಸಿದ ಸಾಲಿನ ಮೊದಲಿಗೆ ನಕ್ಷತ್ರದ ಗುರುತಷ್ಟೇ ಬೀಳುತ್ತದೆ. ‘ಪ್ಯಾಕ್’ ಆಜ್ಞೆ ಕೊಡುವವರೆಗೆ ಸಾಲು ಅಲ್ಲಿಯೇ ಇರುತ್ತದೆ. ನಡುವೆ ಶಾಲೆ ಬಿಟ್ಟವರ ಹೆಸರುಗಳನ್ನು ಅಂದು ನಾನೇ ಅಳಿಸಿದ್ದೆ. ಶಿಷ್ಯನು ಸಣ್ಣದೊಂದು ಕ್ರಮವಿಧಿ ಬರೆದು ಆ ಸಾಲುಗಳನ್ನೂ ಹೊರತೆಗೆದನು. ಮೀನುದೋಣಿ ಹತ್ತಿದವರು, ಮುಂಬಯಿಯ ಹೋಟೆಲಿಗೆ ಹೋದವರು, ಎಲ್ಲರೂ ಜನ್ಮದಿನಾಂಕಸಹಿತ ಅಲ್ಲಿದ್ದರು.

ಹಳೆಯ ಫ್ಲಾಪಿ, ಹಾರ್ಡ್‌ಡಿಸ್ಕ್‌ಗಳು ನಿಮ್ಮ ಅಟ್ಟದಲ್ಲಿದ್ದರೆ ದಯವಿಟ್ಟು ಎಸೆಯಬೇಡಿರಿ. ಒಳಗಿರುವುದನ್ನು ಯುನಿಕೋಡಿನ ಸರಳ ಪಠ್ಯವಾಗಿ ಉಳಿಸಿಡಿರಿ.